ಎರಡು ಕೋಲು

ಟಿಕೇಟು ದೊಡ್ಡವರಿಗೆ ನಲವತ್ತು, ಮಕ್ಕಳಿಗೆ ಹದಿನೈದು,
ದೋಣಿಗೆ ಬೇರೆ.
ಇಪ್ಪತ್ತಮೂರು ಮಕ್ಕಳು, ನಾನು,
ಜೊತೆಗೆ ಜನ ಸಾಲದೆಂದು ಕರೆದುಕೊಂಡ
ಐದನೆಯ ಕ್ಲಾಸಿನ ಶರ್ಮಿಳೆಯ ಅಜ್ಜ
ಐತಪ್ಪ ನಾಯ್ಕರು.
ಲುಂಗಿಯ ಮಡಿಕೆಯಿಂದ ಹತ್ತರ ನಾಲ್ಕು ನೋಟು ತೆಗೆದು
ಕಿಂಡಿಯೊಳಗೆ ಅವರೇ ಇಟ್ಟರು, ಎಡಗೈಯಲ್ಲಿ.
ಒಳಗಿದ್ದವ ಮುಖ ಸಿಂಡರಿಸಿದ.

ನರಿಮಾಟೆ ಉದ್ಯಾನ. ಫಲಕ ಮಲಯಾಳದಲ್ಲಿ,
ಕೆಳಗೆ ಇಂಗ್ಲಿಷು,
ಅದರ ಕೆಳಗೆ ಯಾರೋ ಇದ್ದಿಲಿನಲ್ಲಿ ಗೀಚಿದ ಕನ್ನಡ:
ಎರಡು ಹೆಸರು, ನಡುವೆ ಬಾಣ.
ಮಕ್ಕಳು ಜೋರಾಗಿ ಓದಿದ್ದು ಅದನ್ನೇ.

ದಾರಿಯುದ್ದಕ್ಕೂ ಹಗ್ಗ. ಮುರಕಲ್ಲಿನ ಮೆಟ್ಟಿಲಿಗೆ ಸಿಮೆಂಟಿನ ತೇಪೆ,
ಗೇರು ಹೂಬಿಟ್ಟ ವಾಸನೆ.
ಗೈಡು ಷಿನೋಜ್, ಒಳ್ಳೆಯ ಹುಡುಗ,
ಬಿದ್ದವನ ಮೊಣಕಾಲಿಗೆ ತನ್ನ ಬಾಟಲಿಯ ನೀರೇ ಸುರಿದ.
ಅವನು ಮಲಯಾಳದಲ್ಲಿ ಹೇಳುತ್ತಾನೆ,
ನಾನು ಕನ್ನಡದಲ್ಲಿ ಹೇಳುತ್ತೇನೆ,
ಅಷ್ಟರೊಳಗೆ ಹಿಂದಿನ ಸಾಲು
ತುಳುವಿನಲ್ಲಿ ನಕ್ಕು ಮುಗಿಸಿರುತ್ತದೆ.

ಗುಹೆಯ ಬಾಯಿ. ಒಬ್ಬರ ಹಿಂದೆ ಒಬ್ಬರು.
ಗೋಡೆ ಮುಟ್ಟಬಾರದು.
ಸಾವಿರಾರು ವರ್ಷದ ಹಿಂದೆ ಒಬ್ಬ ಋಷಿ, ಎಂದ ಅವನು.
ಸಾವಿರಾರು ವರ್ಷದ ಹಿಂದೆ, ಮಕ್ಕಳೇ, ಒಬ್ಬ ಋಷಿ
ಇಲ್ಲಿಂದ ನೆಲದೊಳಗೇ ನಡೆದು
ಕಾಶಿಗೆ ಹೋದನಂತೆ.
ಆ 'ಅಂತೆ' ನನ್ನದು. ಅವನು ಹೇಳಿರಲಿಲ್ಲ.

ಬಾವಲಿಯ ನಾತ. ತಲೆ ತಗ್ಗಿಸಿ, ಭುಜ ಓರೆ ಮಾಡಿ,
ದಾರಿ ಮುಗಿದಲ್ಲಿ ಒಂದು ಗೋಡೆ.
ಈಗ ಲೈಟು ಆರಿಸಿ, ಎಂದ ಷಿನೋಜ್,
ಇದೂ ಟಿಕೇಟಿನಲ್ಲಿ ಸೇರಿದೆ.
ಆರಿಸಿದೆವು.
ಕಣ್ಣು ಬಿಟ್ಟರೂ ಅದೇ, ಮುಚ್ಚಿದರೂ ಅದೇ.
ಯಾರದೋ ಪುಟ್ಟ ಮುಷ್ಟಿ ನನ್ನ ಸೆರಗು ಹಿಡಿಯಿತು.

"ಎಪ್ಪತ್ತೆಂಟರಲ್ಲಿ, ಟೀಚರೇ.
ಇದು ನಾನು ತೋಡಿದ್ದು.
ಗುಹೆಯೂ ಅಲ್ಲ, ಎಂತದೂ ಅಲ್ಲ. ಸುರಂಗ.
ಐವತ್ತಾರು ಕೋಲು.
ಮಣ್ಣು ಎಳೆದವ ನನ್ನ ಭಾವ ಬಟ್ಯ.
ಮೇಣದ ಬತ್ತಿ ಆರಿದರೆ ವಾಪಸು, ಮರುದಿನ ಪುನಃ.
ನೀರು ಸಿಕ್ಕಿದ ಮೇಲೆ ದುಡ್ಡು ಅಂತ ಮಾತು.
ಸಿಕ್ಕಲಿಲ್ಲ."

ಎಂತ ಹೇಳಿದರು, ಕೇಳಿದ ಷಿನೋಜ್.
ಬೆಳಿಗ್ಗೆಯಿಂದ ಎಲ್ಲವನ್ನೂ ದಾಟಿಸಿದ್ದೆ,
ಅವನ ಕಡಲೆಮಿಠಾಯಿ ಜೋಕನ್ನೂ.
ಕತ್ತಲೆ ಜಾಸ್ತಿಯಂತೆ, ಎಂದೆ.

ಲೈಟು ಬಂದಾಗ
ಅಜ್ಜ ಕೊನೆಯ ಗೋಡೆಗೆ ಕಿವಿ ಹಚ್ಚಿದ್ದರು,
ಅಂಗೈ ಒತ್ತಿ,
ಮಲಗಿದವರನ್ನು ಎಬ್ಬಿಸಲೋ ಬೇಡವೋ ಎನ್ನುವ ಹಾಗೆ.
ಅವರ ಸುತ್ತ ಗೋಡೆಯ ತುಂಬ ಗೀರು,
ಎಲ್ಲವೂ ಒಂದೇ ಕಡೆಗೆ ವಾಲಿದ್ದು, ಎಡಗೈಯವನ ಅಕ್ಷರದ ಹಾಗೆ.
"ಮುಟ್ಟಬಾರದು ಅಜ್ಜಾ" ಎಂದ ಷಿನೋಜ್,
ಅದೊಂದು ಮಾತು ಕನ್ನಡದಲ್ಲಿ.

ಆಮೇಲೆ ಹೊಳೆ. ಜನವರಿಯ ಪಯಸ್ವಿನಿ,
ಮೊಣಕಾಲು ಕಂಡರೂ ನಾಚದಷ್ಟು ತೆಳ್ಳಗೆ.
ಕಟ್ಟ ಕಟ್ಟಿ ನಿಲ್ಲಿಸಿದ ನೀರಲ್ಲಿ
ಪ್ಲಾಸ್ಟಿಕ್ಕಿನ ನಾಲ್ಕು ಹಂಸ.
ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು
ಮೊಮ್ಮಗಳ ಪಕ್ಕ ಕೂತ ಐತಪ್ಪ ನಾಯ್ಕರು
ಪೆಡಲು ಮರೆತು ನನ್ನತ್ತ ಎರಡು ಬೆರಳು ಎತ್ತಿದರು.
ಗೆದ್ದೆವೆಂಬ ಸನ್ನೆಯೆಂದು ಮಕ್ಕಳು ಚಪ್ಪಾಳೆ ತಟ್ಟಿದರು.
ಅಲ್ಲ.
"ಎರಡೇ ಕೋಲು ಇತ್ತು, ಟೀಚರೇ!"
ಹಂಸ ಇದ್ದಲ್ಲೇ ಸುತ್ತಿತು.
ಅರ್ಧ ಗಂಟೆಯ ಸೀಟಿ ಊದಿದರು.

ಸೋಮವಾರ ಪ್ರವಾಸದ ಪ್ರಬಂಧ.
ಇಪ್ಪತ್ತೆರಡು ಪುಸ್ತಕಗಳಲ್ಲಿ ಋಷಿ ಕಾಶಿಗೆ ಹೋದನು.
ಹೋದನಂತೆ ಎಂದು ಬರೆದವರಿಲ್ಲ.
ಕೆಂಪು ಶಾಯಿಯಲ್ಲಿ ಒಂದೊಂದಕ್ಕೂ 'ಅಂತೆ' ಸೇರಿಸುತ್ತ ಕೂತೆ,
ಏಳನೆಯದಕ್ಕೆ ಕೈ ನಿಂತಿತು:
ಷಿನೋಜನ ಸಂಬಳ ಎಷ್ಟಿರಬಹುದು?

ಶರ್ಮಿಳೆಯದು ಮೂರೇ ಸಾಲು.
ನಾವು ನರಿಮಾಟೆಗೆ ಹೋದೆವು. ಹಂಸದ ದೋಣಿ ಚಂದ ಇತ್ತು.
ನನ್ನ ಅಜ್ಜನ ಕೈ ಚಂಡಿ ಇತ್ತು, ದೋಣಿ ಹತ್ತುವ ಮೊದಲೇ.