ಸೊಂಟವಿಲ್ಲದ ಲಂಗ

ಅಳತೆ ಪುಸ್ತಕದಲ್ಲಿ ಇನ್ನೂ ಇದೆ ಆ ಸಾಲು:
ಇಫ್ಫತ್, ಪಾಲಿಟೆಕ್ನಿಕ್. ಸುತ್ತಳತೆ ಐವತ್ತೆಂಟು, ಉದ್ದ ಮೂರು.
ಯಾರ ಸೊಂಟವೇ ಇದು ಅಂದರೆ
ಸೊಂಟ ಇಲ್ಲ ನಾಗವೇಣಕ್ಕ, ಹಲಗೆಗೆ ಲಂಗ,
ಒಳಗೆ ಗಾಳಿ ತುಂಬಿದ್ರೆ ನೆಲ ಬಿಟ್ಟು ಏಳತ್ತೆ, ಅಂದಳು.
ಹರಿದ ಕೊಡೆಯ ಬಟ್ಟೆ ಮುಂದಿಟ್ಟಳು.
ದುರ್ಗಿಗುಡಿಯಲ್ಲಿ ಇಪ್ಪತ್ತೆರಡು ವರ್ಷ ರವಿಕೆ ಹೊಲಿದವಳು
ಗಾಳಿಗೆ ಹೊಲಿದದ್ದು ಅದೇ ಮೊದಲು.

ಅವಳದು ಎದ್ದಿತಂತೆ, ಓಡಿತಂತೆ, ಬಹುಮಾನವೂ ಬಂತಂತೆ.
ನನಗೆ ನಿದ್ದೆ ಬರಲಿಲ್ಲ.

ನೆಹರೂ ರಸ್ತೆಯ ತಿಪ್ಪೇಶಿ, ಮೋಟರು ರಿಸೀವರು ಕಟ್ಟಿಕೊಡುತ್ತ,
ಮಗನಿಗಾ ಮೇಡಂ, ಅಂದ.
ನನಗೇ, ಅಂದೆ.
ಚಿಲ್ಲರೆಯನ್ನು ಎರಡು ಸಲ ಎಣಿಸಿದ.

ಇಸ್ತ್ರಿಯ ಕಾವು ಬಲ್ಲ ಕೈ, ಬೆಸುಗೆ ಏನು ಮಹಾ ಅಂದುಕೊಂಡಿದ್ದೆ.
ಸೀಸ ಕರಗಿ, ಉಂಡೆಯಾಗಿ, ಮೇಜಿನ ಮೇಲೆ ಓಡಿತು.
ತಂತಿಗೆ ಮಾತ್ರ ಹತ್ತಲಿಲ್ಲ. ರಾಳದ ಹೊಗೆ ಕಣ್ಣಿಗೆ.
ಇಫ್ಫತ್ ಬಗ್ಗಿ ನೋಡಿದಳು:
ನೀವು ಸೀಸ ಕಾಯಿಸ್ತಿದೀರ ಅಕ್ಕ.
ತಂತಿ ಕಾಯಿಸಿ, ಸೀಸ ತಾನೇ ಬರತ್ತೆ.

ಒಂದು ಭಾನುವಾರ ಕೆಂಪಿನ ಜಾಗಕ್ಕೆ ಕಪ್ಪು ಹೋಯಿತು.
ಟಪ್.
ಒಂಬೈನೂರು ರೂಪಾಯಿ, ಲೈನಿಂಗ್ ಹಾಕಿದ ಮೂರು ರವಿಕೆ,
ಒಂದೆಳೆ ಹೊಗೆಯಾಗಿ ಕಿಟಕಿ ದಾಟಿತು.
ತಪ್ಪಾದರೆ ಬಿಚ್ಚಿ ಹೊಲಿಯುವುದು ನನ್ನ ಅಭ್ಯಾಸ.
ಇಲ್ಲಿ ಬಿಚ್ಚಲು ಏನೂ ಉಳಿದಿರಲಿಲ್ಲ.

ಮೋಟರು ಹಾಗಲ್ಲ. ಅದಕ್ಕೆ ಮೂರು ತಂತಿ, ಕೆಂಪಿಲ್ಲ, ಕಪ್ಪಿಲ್ಲ.
ಉಲ್ಟಾ ತಿರುಗಿತೋ, ಯಾವುದಾದರೂ ಎರಡನ್ನು ಅದಲುಬದಲು ಮಾಡು.
ಮುಗಿಯಿತು, ಮುನಿಸಿಲ್ಲ.

ಷಟರ್ ಎಳೆದು, ಕತ್ತರಿಸುವ ಮೇಜು ಸರಿಸಿ,
ರಾತ್ರಿ ಹತ್ತಕ್ಕೆ ಎಡಗಡ್ಡಿ ಮೇಲೆ ತಳ್ಳಿದೆ.
ಲಂಗ ಉಬ್ಬಿತು.
ನೂಲಿನ ಚೂರು, ಸೀಮೆಸುಣ್ಣದ ಪುಡಿ, ಎಂದೋ ಕಳೆದ ಹುಕ್ಕು
ಸುತ್ತ ಎಲ್ಲ ಕಡೆಗೂ ಓಡಿದವು.
ಎದ್ದಿದೆಯೋ ಇಲ್ಲವೋ ಕಣ್ಣಿಗೆ ತಿಳಿಯದು.
ಮಂಡಿಯೂರಿ, ಅಡಿಗೆ ಒಂದು ದಾರ ತೂರಿಸಿ
ಈ ಕಡೆಯಿಂದ ಆ ಕಡೆಗೆ ಎಳೆದೆ.
ಎಲ್ಲೂ ತಡೆಯಲಿಲ್ಲ.
ದಾರವನ್ನು ಬೆರಳಿಗೆ ಸುತ್ತಿಕೊಂಡು ಸುಮ್ಮನೆ ಕೂತಿದ್ದೆ,
ಬ್ಯಾಟರಿ ಸುಸ್ತಾಗುವವರೆಗೆ.

ಏಪ್ರಿಲಿನಲ್ಲಿ ತುಂಗೆ ಸೊರಗಿದಾಗ
ಕೋರ್ಪಲಯ್ಯನ ಛತ್ರದ ಹಿಂದಿನ ಮರಳಿಗೆ ಒಯ್ದೆವು.
ಬ್ರೇಕಿಲ್ಲದ ಪ್ರಾಣಿ ಇದು.
ಎಡಕ್ಕೆ ಅಂದರೆ ಮುಖವೇನೋ ಎಡಕ್ಕೆ ತಿರುಗುತ್ತದೆ,
ಮೈ ಮಾತ್ರ ಹೊರಟ ಕಡೆಗೇ ಜಾರುತ್ತದೆ.
ಮರಳು ಮುಗಿದು ನೀರು ಶುರುವಾದದ್ದು
ಅದಕ್ಕೆ ಗೊತ್ತಾದಂತಿರಲಿಲ್ಲ.
ನನಗೆ ಗೊತ್ತಾಯಿತು. ಕೂಗಿದೆ.
ಕಂಬಳಿ ಒಗೆಯುತ್ತಿದ್ದವನು ತಲೆಯೆತ್ತಿ,
ಯಾರ್ದಮ್ಮ ಅದು, ಅಂದ.
ಇಫ್ಫತ್ ನನ್ನ ಕಡೆ ಬೆರಳು ತೋರಿಸಿದಳು.

ಅಷ್ಟರಲ್ಲಿ ಅದು ಬಂಡೆಗೆ ತಾಗಿ, ಒಂದು ಮಗ್ಗುಲಿಗೆ ವಾಲಿ,
ಹೊಟ್ಟೆಯ ಗಾಳಿಯೆಲ್ಲ ಬಿಟ್ಟು ನೀರಿನ ಮೇಲೆ ಕೂತಿತು.
ಸೀರೆ ಎತ್ತಿ ಕಟ್ಟಿ ಇಳಿದು ತಂದೆ.
ತಿರುಗಿಸಿ ನೋಡಿದರೆ
ಬೆಸುಗೆ ಒಂದೂ ಬಿಟ್ಟಿಲ್ಲ.
ಬಿಚ್ಚಿದ್ದು ಹೊಲಿಗೆ, ಎಡಮೂಲೆಯಲ್ಲಿ, ಒಂದಿಂಚು.
ಯಾರಿಗೂ ಹೇಳಬೇಡ ಅಂದೆ.