ಒಂಟೆಮನೆಯ ಬಯಲು

ಹಳ್ಳದಿಣ್ಣೆ ಇರಕೂಡದು ಎಂದರು.
ಕರಣಿಕ ನೀರು ತುಂಬಿದ ತಟ್ಟೆಯನ್ನು ನೆಲಕ್ಕಿಟ್ಟು
ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ.
ನೀರು ಯಾವ ಕಡೆ ವಾಲಿತೋ
ಆ ಕಡೆಯವನ ಬೆನ್ನಿಗೆ ಬಾರುಕೋಲು.

ನಮ್ಮೂರ ಹೆಸರು ಒಂಟೆಮನೆ. ಇಪ್ಪತ್ತು ಒಲೆ, ಒಂದು ಬಾವಿ.
ಯಾವ ಕಾಲದ ಅರಸನೋ ತನ್ನ ಮುದಿ ಒಂಟೆಯ ಮೇವಿಗೆಂದು
ಊರನ್ನೇ ಬರೆದುಕೊಟ್ಟಿದ್ದನಂತೆ.
ಒಂಟೆ ಸತ್ತು ಎಷ್ಟೋ ತಲೆಮಾರು.
ಕಂದಾಯಕ್ಕೆ ಸಾವಿಲ್ಲ.

ಸುದ್ದಿ ಮೊದಲು ಹೊಗೆಯಾಗಿ ಬಂತು.
ಪಡುವಣದವರು ದೊಡ್ಡ ಹೊಳೆ ದಾಟುತ್ತಿದ್ದಾರೆ,
ಅವರಿಗೆ ತಿನ್ನಲು ಒಂದು ಕಾಳೂ ಸಿಗಬಾರದು ಎಂದು
ನಮ್ಮರಸನ ಸವಾರರೇ ನಮ್ಮ ಕಣಜಕ್ಕೆ ಕೊಳ್ಳಿಯಿಟ್ಟರು.
ನನ್ನ ತಮ್ಮ ಹದದ್‌ನೂರಿ
ಬೂದಿಯೊಳಗಿಂದ ಜವೆ ಆರಿಸಿ ಬಾಯಿಗೆಸೆದುಕೊಂಡು ನಕ್ಕ:
"ಹುರಿದೇ ಕೊಟ್ಟಿದ್ದಾರಣ್ಣ, ಉಪ್ಪು ಮರೆತಿದ್ದಾರೆ."

ಆಮೇಲೆ ಸೈನ್ಯ. ಹದಿನೈದು ಭಾಷೆಯ ಕೆಮ್ಮು,
ಆನೆಯ ನೆರಳಿಗೆ ಬೆದರಿದ ಕತ್ತೆಗಳು,
ಬಾವಿಯ ತಳದ ಕೆಸರನ್ನೂ ಬಿಡದ ಬಿಂದಿಗೆಗಳು,
ಮತ್ತು ಗಾಲಿಯಚ್ಚಿಗೆ ಕುಡುಗೋಲು ಕಟ್ಟಿದ ರಥಗಳು.
ಆ ರಥಗಳು ಎಡವಬಾರದು. ಅದಕ್ಕೇ ಈ ನೆಲ, ಈ ತಟ್ಟೆ, ಈ ನೀರು.

ಹನ್ನೆರಡು ದಿನ ಅಗೆದೆವು.
ಹುತ್ತ ಒಡೆದೆವು. ನರಿಬಿಲ ಮುಚ್ಚಿದೆವು, ನರಿ ಒಳಗಿತ್ತೋ ಏನೋ.
ಬಾವಿಕಟ್ಟೆಯ ಬಾದಾಮಿ ಮರವನ್ನು ಬೇರುಸಹಿತ ಕಿತ್ತೆವು.
ಆ ಮರದಿಂದ ಮೂಡಣಕ್ಕೆ ನಲವತ್ತೊಂದು ಹೆಜ್ಜೆ,
ಅಲ್ಲೊಂದು ಮೊಣಕಾಲೆತ್ತರದ ಮಣ್ಣಗುಡ್ಡೆ.
ಅದೇನೆಂದು ಕರಣಿಕ ಕೇಳಲಿಲ್ಲ. ನಾನೂ ಹೇಳಲಿಲ್ಲ.
ಬೇರೆಯವನ ಗುದ್ದಲಿಗಿಂತ ನನ್ನದೇ ವಾಸಿ ಎಂದುಕೊಂಡು
ಮೆಲ್ಲಗೆ, ಹಸಿ ಹಿಟ್ಟು ಸವರುವಂತೆ, ಸವರಿದೆ.
ತಟ್ಟೆಯ ನೀರು ಅಲುಗಲಿಲ್ಲ.
ಕರಣಿಕ ಆವತ್ತೊಂದೇ ದಿನ ನನ್ನನ್ನು ಹೊಗಳಿದ್ದು.

ಅದೇ ವಾರ ಒಂದು ರಾತ್ರಿ ಚಂದ್ರ ಕಂದಿ ತಾಮ್ರವಾದ.
ಪಾಳೆಯದಲ್ಲಿ ಗೋಳು, ಜಾಗಟೆ, ಕುರಿಯ ರಕ್ತ.
ನನ್ನ ಹೆಂಡತಿ ಬಾನೀತು ಹೊಸಿಲಲ್ಲಿ ನಿಂತು ನೋಡಿ
"ಅವನನ್ನೂ ಮಟ್ಟ ಮಾಡುತ್ತಿದ್ದಾರೆ" ಅಂದಳು.
ಅಷ್ಟೇ. ಆಮೇಲೆ ತಿಂಗಳುಗಟ್ಟಲೆ ನನ್ನೊಡನೆ ಮಾತಿಲ್ಲ.

ಯುದ್ಧ ಕಂಡೆಯಾ ಅಜ್ಜ, ಎನ್ನುತ್ತಾರೆ ಹುಡುಗರು.
ಕಂಡದ್ದು ಧೂಳು.
ಆದರೆ ರಥಗಳು ಹೊರಟದ್ದು ಕಂಡೆ.
ಎಷ್ಟು ನುಣುಪಾಗಿ ಓಡಿದವೆಂದರೆ, ಸುಳ್ಳೇಕೆ,
ಎದೆ ಉಬ್ಬಿತು. ನನ್ನ ನೆಲ ಅದು.
ಎದುರಿನವರು ಕದ ತೆರೆದಂತೆ ಎರಡು ಹೋಳಾದರು.
ರಥಗಳು ಆ ಓಣಿಯಲ್ಲಿ ಸುಮ್ಮನೆ ನುಗ್ಗಿ ಹೋದವು,
ಹಿಂದೆ ಕಾದಿದ್ದ ಲಾಯದ ಹುಡುಗರು ಲಗಾಮು ಹಿಡಿದರು.
ಹನ್ನೆರಡು ದಿನದ ಬೆವರು
ಉಗುಳು ನುಂಗುವಷ್ಟರಲ್ಲಿ ಮುಗಿಯಿತು.
ಬಿಸಿಲು ಇಳಿಯುವ ಮುಂಚೆ ಅರಸನ ರಥವೂ ತಿರುಗಿತು.
ಓಡಿಹೋಗಲಿಕ್ಕೂ ಒಳ್ಳೆಯ ನೆಲವೇ.

ಗೆದ್ದವರ ಕರಣಿಕ ಸುಗ್ಗಿಗೆ ಸರಿಯಾಗಿ ಬಂದ.
ತಟ್ಟೆ ತಂದಿರಲಿಲ್ಲ, ಹಗ್ಗ ಅದೇ ಉದ್ದ.

ಹದದ್‌ನೂರಿ ಮುರಿದ ರಥದಿಂದ ಅಲಗೊಂದು ಬಿಚ್ಚಿ ತಂದು
ಹಿಡಿ ಹಾಕಿಸಿದ. ಒಬ್ಬನನ್ನೂ ಕೊಯ್ಯದ ಅಲಗು,
ಮೂವತ್ತು ವರ್ಷದಿಂದ ಜವೆ ಕೊಯ್ಯುತ್ತಿದೆ.
ಆ ಬಯಲಲ್ಲಿ ಬೆಳೆ ಮಾತ್ರ ಎದೆಯೆತ್ತರ.
ಯಾಕೆಂದು ಉಣ್ಣುವಾಗ ಯಾರೂ ಎತ್ತುವುದಿಲ್ಲ.

ಬಿತ್ತನೆಯ ಹಿಂದಿನ ದಿನ ಬಾನೀತು
ಇಲ್ಲದ ಮರಕ್ಕೆ ಬೆನ್ನು ಕೊಟ್ಟು ನಿಂತು
ಹೆಜ್ಜೆ ಎಣಿಸುತ್ತಾಳೆ. ನಲವತ್ತೊಂದಕ್ಕೆ ನಿಲ್ಲುತ್ತಾಳೆ.
ಅಲ್ಲೊಂದು ಕಲ್ಲಿಡುತ್ತೇನೆ, ಮರುದಿನ ನೇಗಿಲು ಸುತ್ತಿ ಹೊಡೆಯುತ್ತೇನೆ.
ಮುದಿಯಾದಳು. ಹೆಜ್ಜೆ ಗಿಡ್ಡವಾಗಿದೆ.
ಹೋದ ವರ್ಷದ ಕಲ್ಲು ಅಲ್ಲಿ, ಈ ವರ್ಷದ್ದು ಇಲ್ಲಿ.
ನಾನು ತಿದ್ದುವುದಿಲ್ಲ.
ಮಗು ವರ್ಷಕ್ಕೊಂದು ಗೇಣು
ಮನೆಯ ಕಡೆಗೆ ಸರಿಯುತ್ತಿದೆ.