ಕೂರಲು ಒಂದು ಅಂಚು

ಸೀಸದ ಅಕ್ಷರಗಳು ಉದುರುತ್ತವೆ,
ಚಳಿಗಾಲಕ್ಕೆ ಮೂರೋ ನಾಲ್ಕೋ.
ಉಪ್ಪುಗಾಳಿ ಸಂದಿಗೆ ಉಗುರು ತೂರಿಸಿ ಮೀಟುತ್ತದೆ.
ಈ ಸಲ ಬಿದ್ದದ್ದು ಗೆಡ್ಡಿಸ್‌ನ ಒಂದು ‘ಡಿ’,
ಟೋರ್ಕಿಲ್‌ನ ಕೊನೆಯ ‘ಎಲ್’.
ನವೆಂಬರಿನೊಳಗೆ ಬಡಿದು ಕೂರಿಸುವುದು ನನ್ನ ಕೆಲಸ.
ಕೂಲಿ ಪುರಸಭೆಯದು, ಸುತ್ತಿಗೆ ಅಜ್ಜನದು.
ಸೀಸ, ಹೌದು, ಅದೇ ಸೀಸ.
ಆ ಮಾತು ಸಾಕು.

ಸಾವಿರದ ಒಂಬೈನೂರ ಇಪ್ಪತ್ತರಲ್ಲಿ
ಸ್ಕಾರ್‌ನೆಸ್ ಬಂದರಿನ ಮೀನು ಹರಾಜುಕಟ್ಟೆಯಲ್ಲಿ
ಸಮಿತಿ ಹನ್ನೊಂದು ಸಲ ಸೇರಿತ್ತು.
ಕರ್ನಲ್‌ಗೆ ಬೇಕಾದ್ದು ಬಂದೂಕು ಹಿಡಿದ ಕಂಚಿನ ಸಿಪಾಯಿ,
ಪಾದ್ರಿಗೆ ಶಿಲುಬೆ,
ಡಾಕ್ಟರು ಕೇಳಿದ್ದು ಬಿಸಿನೀರಿನ ಸ್ನಾನಗೃಹ.
ಎಲ್ಲರೂ ಕೆಮ್ಮಿದರು.
ಸಿಪಾಯಿ ನಿಂತರೆ ಮುಖ ಯಾವ ಕಡೆ?
ಕಡಲಿಗೆ ಎಂದರೆ ಊರಿಗೆ ಬೆನ್ನು,
ಊರಿಗೆ ಎಂದರೆ ಅವರು ಹೋದ ದಾರಿಗೆ ಬೆನ್ನು.
ಎರಡು ಸಭೆ ಆ ಬೆನ್ನಿನಲ್ಲೇ ಮುಗಿದವು.
ಕಡೆಗೆ ಲೆಕ್ಕ ಹಾಕಿದರೆ, ಇದ್ದ ಹಣಕ್ಕೆ
ಸಿಪಾಯಿ ಮೊಣಕಾಲವರೆಗೆ ಮಾತ್ರ ಬರುತ್ತಿದ್ದ.

ಆಗ ಎದ್ದವಳು ಇಶ್ಬೆಲ್ ಟಲ್ಲಕ್,
ಹೆರಿಂಗ್ ಮೀನಿನ ಹೊಟ್ಟೆ ಸೀಳುವವಳು,
ಬೆರಳಿಗೆ ಸುತ್ತಿದ ಬಟ್ಟೆ ಬಿಚ್ಚದೆ ಬಂದಿದ್ದಳು.
ಇಬ್ಬರು ಮಕ್ಕಳು ಆ ಪಟ್ಟಿಯಲ್ಲಿ.
“ಬೆಳಗಿಂದ ನಿಂತೇ ಇರ್ತೀವಿ,” ಎಂದಳು.
“ನಿಂತು ಅಳೋಕೆ ಆಗಲ್ಲ. ಕೂರೋಕೆ ಒಂದಿಷ್ಟು ಜಾಗ ಮಾಡಿ.”
ನಡಾವಳಿ ಪುಸ್ತಕದಲ್ಲಿ ಅದು ಹೀಗಿದೆ:
‘ಶ್ರೀಮತಿ ಟಲ್ಲಕ್ ಆಸನದ ಬಗ್ಗೆ ಮಾತಾಡಿದರು.’

ಹಾಗಾಗಿ ಒಂದು ಮೊಂಡು ಕಂಬ, ಬೂದು ಗ್ರಾನೈಟು,
ಸುತ್ತ ಮೊಣಕಾಲೆತ್ತರದ ಅಂಚು.
ದರ್ಜೆಯಿಲ್ಲ, ಬರೀ ಅಕ್ಷರಕ್ರಮ:
ಕರ್ನಲ್‌ನ ಮಗ ಬೇಕರಿ ಹುಡುಗನ ಕೆಳಗೆ.

ಒಂದು ಮಾತ್ರ ನಡಾವಳಿಯಲ್ಲಿಲ್ಲ.
ಮನ್ರೋ ಮುಗಿದು ನಿಕಲ್ಸನ್ ಶುರುವಾಗುವ ಮುಂಚೆ
ಒಂದು ಸಾಲು ಖಾಲಿ.
ಕಲ್ಲಿನ ದೋಷ ಎಂದು ಅಜ್ಜ ಬರೆದುಕೊಟ್ಟಿದ್ದ.
ಬೆರಳಾಡಿಸಿ ನೋಡಿದ್ದೇನೆ,
ಮಿಕ್ಕೆಲ್ಲ ಕಡೆಗಿಂತ ಅಲ್ಲೇ ನಯ.
ಹತ್ತೊಂಬತ್ತರಲ್ಲಿ ಒಂದು ಮನೆಯವರು
ಬಾಗಿಲಿಗೆ ಹಲಗೆ ಹೊಡೆದು ರಾತ್ರಿ ಹಡಗು ಹತ್ತಿದರಂತೆ.
ಮಗನನ್ನು ಕೊಂದದ್ದು ಶತ್ರುವಲ್ಲ,
ಬೆಳಗಿನ ಜಾವ, ಕಂಬಕ್ಕೆ ಕಟ್ಟಿ, ನಮ್ಮವರೇ
ಅಂತ ಊರು ಆಡಿಕೊಂಡಿತ್ತು.
ಅಜ್ಜನನ್ನು ಒಮ್ಮೆ ಕೇಳಿದ್ದೆ. ಉಳಿ ಮಸೆಯುತ್ತಿದ್ದ.
ಮಸೆಯುತ್ತಲೇ ಇದ್ದ.

ಈಗ ಶಾಲೆ ಬಿಟ್ಟ ಹುಡುಗರು ಅಂಚಿನ ಮೇಲೆ ಕೂತು
ಬಿಸಿ ಆಲೂಗಡ್ಡೆ ತಿನ್ನುತ್ತಾರೆ,
ಕಡಲಹಕ್ಕಿ ಒಂದು ಕಾಲಲ್ಲಿ ಕಾಯುತ್ತದೆ.
ಗ್ರಾನೈಟಿಗೆ ಹತ್ತಿದ ಎಣ್ಣೆ ಸುಲಭಕ್ಕೆ ಬಿಡುವುದಿಲ್ಲ.
‘ಇಲ್ಲಿ ಕೂರಬಾರದು’ ಎಂಬ ಫಲಕವನ್ನು
ಪುರಸಭೆ ನಾಲ್ಕು ತಿರುಪುಗಳ ಸಮೇತ ಕಳಿಸಿದೆ.
ಮೂರು ತಿಂಗಳಿಂದ ನನ್ನ ಚೀಲದಲ್ಲೇ ಇದೆ.
ಕಲ್ಲಿನಲ್ಲಿ ದೋಷವಿದೆ, ತಿರುಪು ಹಿಡಿಯುತ್ತಿಲ್ಲ
ಎಂದು ಬರೆದುಕೊಟ್ಟಿದ್ದೇನೆ.